ಮುಳ್ಳು ಅರವತ್ತೈದರಲ್ಲಿ

ಒಬ್ಬ ತಾಯಿ, ಅವಳಿಗೊಬ್ಬ ಮಗ. ತಾಯಿ ಚಂದ್ರಮತಿ ಭೌತಶಾಸ್ತ್ರದಲ್ಲಿ ಪದವಿ ಪಡೆದವಳು. ಮಗ ಗುಣಪಾಲ ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಎದುರು ಮಾತಾಡದ ಹುಡುಗ ಎಂದು ಅವನನ್ನು ಮೆಚ್ಚಿ ಬೆಳೆಸಿದವಳೂ ಅವಳೇ. ವಿಮಾನ ಹಾರಿಸಲು ಕಲಿಸುವ ಎರಡು ಶಾಲೆಯವರು ಅವನನ್ನು ಮನೆಗೆ ಕಳಿಸಿದ್ದರು. ಇದು ಮೂರನೆಯದು. ಇಲ್ಲೂ ಆಗದಿದ್ದರೆ ಲೈಸೆನ್ಸಿನ ಆಸೆ ಬಿಡಬೇಕು.

ಅಲ್ಲಿ ಕಲಿಸುವ ಕ್ಯಾಪ್ಟನ್ ಮೊಣ್ಣಪ್ಪ ವಿಮಾನದಲ್ಲಿ ಅವನ ಪಕ್ಕ ಕೂತು ಹೇಳಿದರು, "ನೋಡಪ್ಪ, ಇಳಿಯೋಕೆ ನೇರ ಬಂದಾಗ ವೇಗದ ಮುಳ್ಳು ಅರವತ್ತೈದು. ಕಡಿಮೆ ಆದರೆ ಬೀಳ್ತೀವಿ."

"ಆಗಲಿ ಸರ್."

ರನ್‌ವೇ ಬಂತು, ಮುಳ್ಳು ಅರವತ್ತೈದು. ನೆಲ ಮೊಳದಷ್ಟು ಹತ್ತಿರ ಬಂತು, ಅರವತ್ತೈದು. ರನ್‌ವೇ ಮುಗಿಯಿತು, ಆಗಲೂ ಅರವತ್ತೈದು. ಕ್ಯಾಪ್ಟನ್ ಹಿಡಿಕೆ ಕಸಿದುಕೊಂಡು ವಿಮಾನ ಮೇಲೆತ್ತದಿದ್ದರೆ ಬೇಲಿಗೆ ನುಗ್ಗುತ್ತಿದ್ದರು.

"ತಲೇಲಿ ಏನಿದೆಯೋ ನಿಂಗೆ? ರನ್‌ವೇ ಮೇಲೆ ಬಂದ ಕೂಡಲೇ ಥ್ರಾಟಲ್ ಎಳೆದು ಎಂಜಿನ್ ತಗ್ಗಿಸಬೇಕು."

"ಆಗಲಿ ಸರ್."

ಮರುದಿನ ಊರಾಚೆ ಹಾರಿ ಮರಳುವಾಗ ಸಾವಿರ ಅಡಿ ಎತ್ತರದಲ್ಲಿ ರನ್‌ವೇ ದಾಟಬೇಕಿತ್ತು. ಕೆಳಗೆ ರನ್‌ವೇ ಕಂಡಿತು. ಗುಣಪಾಲ ಥ್ರಾಟಲ್ ಎಳೆದ. ವಿಮಾನದ ಮೂತಿ ಎತ್ತಿ ಹಿಡಿದೇ ಇದ್ದ. ಮುಳ್ಳು ಅರವತ್ತು, ಐವತ್ತೈದು, ಐವತ್ತು. ಎಚ್ಚರಿಕೆಯ ಪೀಪಿ ಅರಚಿತು.

"ಏನ್ ಮಾಡ್ತಿದೀಯ ಮಾರಾಯ?" ಕ್ಯಾಪ್ಟನ್ ಮೂತಿ ತಗ್ಗಿಸಿ ಎಂಜಿನ್ ಏರಿಸಿದರು.

"ರನ್‌ವೇ ಮೇಲೇ ಇದ್ದೀವಲ್ಲ ಸರ್."

"ಇನ್ನು ನಾನು ಹೇಳೋವರೆಗೂ ಏನನ್ನೂ ಮುಟ್ಟಬೇಡ. ಹೇಳಿದಾಗ ಮಾಡು, ಸಾಕು."

ಅಂದು ಸಂಜೆ ಚಂದ್ರಮತಿ ಬೈದಳು, "ಒಂದು ಸಲವಾದರೂ ಯೋಚನೆ ಮಾಡಬಾರದೇನೋ?"

"ಯಾವಾಗ ಮಾಡಬೇಕು ಹೇಳಮ್ಮ, ಮಾಡ್ತೀನಿ."

ಆಮೇಲೆ ಇಪ್ಪತ್ತು ಸಲ ಚೆನ್ನಾಗಿ ಇಳಿಸಿದ. ಇಪ್ಪತ್ತು ಸಲವೂ ಪಕ್ಕದಿಂದ ಕ್ಯಾಪ್ಟನ್ ಹೇಳುತ್ತಿದ್ದರು. ತಾಯಿ ಇಪ್ಪತ್ತನ್ನೂ ಬರೆದಿಟ್ಟು ಕ್ಯಾಪ್ಟನ್ನರಿಗೆ ತೋರಿಸಿದಳು. "ಇನ್ನೇನು ಬೇಕು ನಿಮಗೆ? ಒಬ್ಬನನ್ನೇ ಕಳಿಸಿ."

ಕ್ಯಾಪ್ಟನ್ ಮನಸ್ಸಿಲ್ಲದ ಮನಸ್ಸಿನಿಂದ ಕಳಿಸಿದರು. "ಇದೇ ಕೊನೆ ಅಮ್ಮ. ಇವತ್ತು ಕೆಟ್ಟರೆ ಹೆಸರು ಹೊಡೆದುಹಾಕ್ತೀನಿ."

ಏರಿ ಸುತ್ತು ಹಾಕು ಎಂದು ಗುಣಪಾಲನಿಗೆ ಹೇಳಿದರು. ಅವನು ಏರಿದ. ಮುಳ್ಳು ಎಂಬತ್ತು. ಒಂದು ಸುತ್ತು ಹಾಕಿದ, ಎರಡು ಹಾಕಿದ, ಏಳು ಹಾಕಿದ.

ಕೆಳಗೆ ನಿಂತ ಕ್ಯಾಪ್ಟನ್ ರೇಡಿಯೋದ ಮೈಕ್ ಹಿಡಿದರು. "ಯಾಕಪ್ಪ ಇಳೀತಿಲ್ಲ?"

"ನೀವು ಹೇಳಲಿಲ್ಲ ಸರ್."

ಕ್ಯಾಪ್ಟನ್ ಹಣೆಯ ಬೆವರು ಒರೆಸಿಕೊಂಡರು. "ತಿರುಗು. ಎಪ್ಪತ್ತಕ್ಕೆ ತಾ. ಇನ್ನೊಮ್ಮೆ ತಿರುಗು. ಅರವತ್ತೈದು. ಹಾಗೇ ಬಾ. ಈಗ ಥ್ರಾಟಲ್ ಎಳಿ. ಮೂತಿ ಮೆಲ್ಲಗೆ ಎತ್ತು."

ಹತ್ತಿಯ ಮೇಲೆ ಕೂತ ಹಾಗೆ ಚಕ್ರ ನೆಲ ಮುಟ್ಟಿತು.

ಕ್ಯಾಪ್ಟನ್ ಮೈಕ್ ಕೆಳಗಿಟ್ಟರು. "ಗೆದ್ದ ಅಮ್ಮ ನಿಮ್ಮ ಮಗ." ಚಂದ್ರಮತಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

ವಿಮಾನ ಅವರ ಮುಂದೆಯೇ ಓಡಿಹೋಯಿತು. ಒಳಗೆ ಗುಣಪಾಲ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ರನ್‌ವೇ ಮುಗಿಯಿತು. ಬೇಲಿ ಮುರಿಯಿತು. ಬೇಲಿಯಾಚೆಯ ಶೆಡ್ಡಿನಲ್ಲಿ ಶಾಲೆಯ ಇನ್ನೊಂದು ವಿಮಾನ ನಿಂತಿತ್ತು, ಅದೂ ಮುರಿಯಿತು.

ಧೂಳು ಇಳಿಯಿತು. ಆಮೇಲೆ ರೇಡಿಯೋದಲ್ಲಿ ವಿನಯದ ದನಿಯೊಂದು ಬಂತು.

"ಸರ್, ಬ್ರೇಕ್ ಹಾಕಲಾ?"