ಅರಿಶಿನ ಹಚ್ಚದ ಕಂಪ್ಯೂಟರ್

ಹಳೇ ಕಾಲದಲ್ಲೂ ಪೆದ್ದರಿದ್ದರು, ಆದರೆ ಪಾಪ, ಅವರಿಗೆ ಕಂಪ್ಯೂಟರ್ ಇರಲಿಲ್ಲ. ನಮ್ಮ ಬೋರೇಶನಿಗೆ ಆ ಭಾಗ್ಯವೂ ಇತ್ತು. ಅರಸೀಕೆರೆಯಲ್ಲಿ ಅವನಮ್ಮ ಹೊಂಬಾಳಮ್ಮನದು ಮದುವೆ ಪತ್ರಿಕೆ, ಬ್ಯಾನರ್ ಮಾಡಿಕೊಡುವ ಪುಟ್ಟ ಅಂಗಡಿ. ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಬರುವುದು ಬಾಕಿ ಇತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಇಂಥವನ ಜೊತೆ ಏಗುವ ಕಷ್ಟ ಏನು ಅಂತ ಆ ತಾಯಿಯನ್ನೇ ಕೇಳಬೇಕು.

ಅಂಗಡಿಯ ಕಂಪ್ಯೂಟರ್ ಮುದಿಯಾಗಿತ್ತು. ಹೊಂಬಾಳಮ್ಮನ ಕಣ್ಣಿಗೂ ಪೊರೆ ಬಂದಿತ್ತು. ಹೋದ ವೈಶಾಖದಲ್ಲಿ ಒಂದು ಪತ್ರಿಕೆಯಲ್ಲಿ ವರನ ಹೆಸರಿನ ಜಾಗದಲ್ಲಿ ವರನ ಅಪ್ಪನ ಹೆಸರು ಕೂತು, ಎರಡೂ ಮನೆಯವರು ಬಂದು ಬೈದು ಹೋಗಿದ್ದರು. ಅವಳು ಕೂಡಿಟ್ಟ ದುಡ್ಡು ಒಂದೇ ಗಂಟು. ಹಾಸನದ ಕಂಪ್ಯೂಟರ್ ಅಂಗಡಿ ಜಯಕೀರ್ತಿ, ತನ್ನಲ್ಲಿರುವ ಎಲ್ಲಕ್ಕಿಂತ ದುಬಾರಿ ಮಿಷಿನ್ನೇ ತಗೊಳ್ಳಿ ಅಂತ ಫೋನಿನಲ್ಲಿ ಬೆನ್ನು ಹತ್ತಿದ್ದ. ತಗೊಂಡರೆ ಕಣ್ಣಿನ ಆಪರೇಷನ್ ಆಗುವುದಿಲ್ಲ. ತಗೊಳ್ಳದಿದ್ದರೆ ಮದುವೆ ಸೀಸನ್ನಿನಲ್ಲಿ ಅಂಗಡಿ ಉಳಿಯುತ್ತದೋ ಇಲ್ಲವೋ ಅಂತ ಭಯ. ಬಾಗಿಲು ಹಾಕಿ ತಾನೇ ಹೋಗೋಣವೆಂದರೆ ಗಿರಾಕಿಗಳು ಪಕ್ಕದ ಅಂಗಡಿಗೆ ನುಗ್ಗುತ್ತಾರೆ. ಬೇರೆ ದಾರಿಯಿಲ್ಲದೆ ಮಗನನ್ನು ಕರೆದಳು.

"ನೋಡಪ್ಪ, ಹಾಸನಕ್ಕೆ ಹೋಗಿ ಆ ಕಂಪ್ಯೂಟರ್ ನೋಡ್ಕೊಂಡು ಬಾ. ಅವನು ಹೇಳಿದ್ದಕ್ಕೆಲ್ಲ ತಲೆ ಆಡಿಸ್ಬೇಡ. ತಟ್ಟಿ ನೋಡು, ಗಟ್ಟಿ ಇದ್ಯಾ ತಿಳ್ಕೋ."

ಹೋದ. ಜಯಕೀರ್ತಿ, "ಹೊಂಬಾಳಮ್ಮನ ಮಗನಾ?" ಅಂದ. ಬೋರೇಶ ಕತ್ತು ಬಿಗಿ ಹಿಡಿದು ನಿಂತ. "ನೀರು ಬೇಕಾ?" ಅಂದ. ಬಾಯಾರಿತ್ತು, ಆದರೂ ತಲೆ ಆಡಿಸಲಿಲ್ಲ. ಆಮೇಲೆ ಆ ದುಬಾರಿ ಡಬ್ಬದ ಹತ್ತಿರ ಹೋದ. ಗಾಜಿನ ಪಕ್ಕೆ, ಒಳಗೆ ಕೆಂಪು ನೀಲಿ ಲೈಟು, ಮೂರು ಫ್ಯಾನು. ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಇಟ್ಟು ಕೇಳಿ, ಊರಿಗೆ ಬಂದ.

"ಅಮ್ಮ, ಅದು ಬೇಡ. ಒಳಗೆಲ್ಲ ಟೊಳ್ಳು."

"ಅಯ್ಯೋ ಪೆದ್ದೇ, ಅದೇನು ಮಡಕೆಯೇನೋ? ಅಂಥದ್ದನ್ನ ತಟ್ಟೋದಲ್ಲ ಕಣೋ, ಕೆಲಸ ಮಾಡ್ಸಿ ನೋಡ್ಬೇಕು. ನಮ್ಮ ಅಂಗಡಿ ಕೆಲಸ ಅದರ ಮುಂದಿಡು. ಮಾಡುತ್ತೋ ಇಲ್ವೋ ನೋಡ್ಕೊಂಡು ಬಾ."

"ಆಯ್ತಮ್ಮ. ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ಹೋದ. ಬೋರೇಶನಿಗೆ ಗೊತ್ತಿದ್ದ ಅಂಗಡಿ ಕೆಲಸ ಅಂದರೆ ಒಂದೇ, ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚುವುದು. ಒಂದು ಕಟ್ಟು ಪತ್ರಿಕೆ, ಒಂದು ಬಟ್ಟಲು ಕಲಸಿದ ಅರಿಶಿನ ಕಂಪ್ಯೂಟರಿನ ಮುಂದಿಟ್ಟು, ಕೈಕಟ್ಟಿ ಕೂತ. ಮಧ್ಯಾಹ್ನವಾಯಿತು, ಅರಿಶಿನ ಒಣಗಿತು. ನೀರು ಬೆರೆಸಿ ಮತ್ತೆ ಇಟ್ಟ. ಜಯಕೀರ್ತಿ ಇದೇನೋ ಪೂಜೆ ಇರಬೇಕು ಅಂತ ಚಪ್ಪಲಿ ಬಿಟ್ಟು ಓಡಾಡಿದ. ಸಂಜೆ ಬೋರೇಶ ಊರಿಗೆ ಬಂದ.

"ಅಮ್ಮ, ಶುದ್ಧ ಸೋಮಾರಿ ಅದು. ಒಂದು ಪತ್ರಿಕೆಗೂ ಅರಿಶಿನ ಹಚ್ಚಲಿಲ್ಲ."

ಹೊಂಬಾಳಮ್ಮ ಹಣೆ ಹಣೆ ಚಚ್ಚಿಕೊಂಡಳು. "ಕೈ ಕೆಲಸ ಅಲ್ವೋ, ಕಂಪ್ಯೂಟರ್ ಕೆಲಸ ಕಣೋ! ಡೇರಿ ಅಧ್ಯಕ್ಷರ ಹುಟ್ಟುಹಬ್ಬದ ಬ್ಯಾನರ್ ಇದ್ಯಲ್ಲ, ಎಂಬತ್ತು ಜನರ ಮುಖ ಇರೋದು, ಅದನ್ನ ತೆರೆಯೋಕೆ ಹೋದ್ರೆ ನಮ್ದು ನಿಂತೇ ಹೋಗುತ್ತೆ. ಪೆನ್‌ಡ್ರೈವ್‌ಗೆ ಹಾಕ್ಕೊಡ್ತೀನಿ. ಅಲ್ಲಿ ತೆರೆಸು. ಒಂದು ಲೋಟ ಟೀ ಕುಡಿಯೋದ್ರೊಳಗೆ ತೆರೆದ್ರೆ ಒಳ್ಳೇದು ಅಂತ."

ಮತ್ತೆ ಹೋದ. ದುಬಾರಿ ಮಿಷಿನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಬ್ಯಾನರ್ ತೆರೆಯಿತು. "ಮುಚ್ಚಿ ಸ್ವಾಮಿ, ಟೀ ಇನ್ನೂ ಬಂದಿಲ್ಲ" ಅಂದ ಬೋರೇಶ. ಟೀ ಬಂತು, ಮತ್ತೆ ತೆರೆಸಿದ. ಒಂದು ಗುಟುಕಿಗೇ ಆಯಿತು. ಪಕ್ಕದಲ್ಲೊಂದು ಸಾದಾ ಮಿಷಿನ್ನಿತ್ತು. ಅದಕ್ಕೆ ಲೈಟೂ ಇಲ್ಲ, ಗಾಜೂ ಇಲ್ಲ. ಅಮ್ಮ ಒಂದು ಲೋಟ ಅಂದಿದ್ದಳಲ್ಲ, ಇನ್ನೂ ಟೀ ಉಳಿದಿತ್ತು, ಸುಮ್ಮನೆ ಯಾಕೆ ಹಾಳು ಅಂತ ಅದರಲ್ಲೂ ತೆರೆಸಿದ. ಅರ್ಧ ಲೋಟಕ್ಕೆ ತೆರೆಯಿತು.

ಊರಿಗೆ ಬಂದು ಹೇಳಿದ. ಹೊಂಬಾಳಮ್ಮ ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು. "ಏನಂದೆ? ಸಾದಾದು ಅರ್ಧ ಲೋಟಕ್ಕೇ ತೆರೀತಾ?" ಅಂತ ಎರಡು ಸಲ ಕೇಳಿದಳು. ಆಮೇಲೆ ಗೋಡೆಗೆ ಒರಗಿ ಕೂತಳು. ಎಷ್ಟೋ ತಿಂಗಳಿಂದ ಎದೆ ಮೇಲಿದ್ದ ಭಾರ ಇಳಿಯಿತು.

"ಸಾದಾದನ್ನೇ ತಗೊಂಡು ಬಾರಪ್ಪ. ಆ ಲೈಟು, ಆ ಫ್ಯಾನು, ಆಟ ಆಡೋರಿಗೆ, ಸಿನಿಮಾ ಮಾಡೋರಿಗೆ. ನಮಗೇನು ಆತುರ? ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ತಗೋಬೇಕು ಕಣೋ, ಮಿಕ್ಕಿದ್ದೆಲ್ಲ ದಂಡ. ಇದೊಂದನ್ನ ಸಾಯೋತನಕ ಮರೀಬೇಡ."

"ಮರೆಯಲ್ಲಮ್ಮ."

ಮರೆಯಲಿಲ್ಲ. ಕಂಪ್ಯೂಟರ್ ಬಂತು. ಅದರ ರಟ್ಟಿನ ಪೆಟ್ಟಿಗೆ ಮತ್ತು ಗ್ಯಾರಂಟಿ ಚೀಟಿ ಕೆಲಸಕ್ಕೆ ಬೇಡ ಅಂತ ಹಾಸನದ ಬಸ್ ಸ್ಟ್ಯಾಂಡಿನಲ್ಲೇ ಉಳಿದವು. ಹೊಂಬಾಳಮ್ಮ ಅದಕ್ಕೂ ಒಂದು ಸುತ್ತು ಬೈದು, ಉಳಿದ ದುಡ್ಡು ತಗೊಂಡು ಮಗನ ಜೊತೆ ಕಣ್ಣಾಸ್ಪತ್ರೆಗೆ ಹೋದಳು.

ಅವಳ ಕಣ್ಣಿಗೆ ಔಷಧಿ ಬಿಟ್ಟು ಒಳಗೆ ಮಲಗಿಸಿದ್ದರು. ಡಾಕ್ಟರಮ್ಮ ಹೊರಗೆ ಬಂದು ಬೋರೇಶನನ್ನು ಕೇಳಿದಳು. "ಲೆನ್ಸಿನಲ್ಲಿ ಬೇರೆ ಬೇರೆ ಥರ ಇದೆಯಪ್ಪ. ನಿಮ್ಮಮ್ಮನಿಗೆ ಮುಖ್ಯವಾಗಿ ಏನು ಕಾಣ್ಬೇಕು?"

"ಪತ್ರಿಕೆ ಅಕ್ಷರ ಕಂಡ್ರೆ ಸಾಕು ಡಾಕ್ಟ್ರಮ್ಮ."

"ಅಷ್ಟೇನಾ? ಮನೆ, ಜನ, ನಿನ್ನ ಮುಖ?"

"ನನ್ನ ಮುಖ ಬೇಡಿ. ಅದು ಯಾವ ಕೆಲಸಕ್ಕೂ ಬರಲ್ಲ ಅಂತ ಅಮ್ಮನೇ ದಿನಾ ಹೇಳ್ತಾಳೆ."

ಡಾಕ್ಟರಮ್ಮ ಒಳಗೆ ಹೋಗಿ ಹೊಂಬಾಳಮ್ಮನನ್ನೇ ಕೇಳಿ, ಮಾಡಬೇಕಾದ್ದನ್ನು ಮಾಡಿದಳು.

ಮಾರನೇ ದಿನ ಪಟ್ಟಿ ಬಿಚ್ಚಿದರು. ಗೋಡೆ ಕಂಡಿತು, ಕಿಟಕಿ ಕಂಡಿತು, ಕ್ಯಾಲೆಂಡರಿನ ಸಣ್ಣ ಅಂಕಿಯೂ ಕಂಡಿತು. "ನನ್ನ ಮಗ ಎಲ್ಲಿ?" ಅಂದಳು. ಬಾಗಿಲಲ್ಲಿ ಯಾರೋ ತಲೆಯಿಂದ ಕತ್ತಿನವರೆಗೆ ಮುಖಕ್ಕೆಲ್ಲ ಟವೆಲ್ ಸುತ್ತಿಕೊಂಡು, ತಡಕಾಡುತ್ತಾ ಬಂದು ಮಂಚಕ್ಕೆ ಮೊಣಕಾಲು ಹೊಡೆಸಿಕೊಂಡು ನಿಂತರು.

"ಏನೋ ಇದು ವೇಷ?"

"ಹೊಸ ಕಣ್ಣು ಕಣಮ್ಮ, ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ನೋಡು. ನನ್ನನ್ನ ನೋಡಿ ದಂಡ ಮಾಡ್ಬೇಡ."

ಹೊಂಬಾಳಮ್ಮ ಟವೆಲ್ ಎಳೆದಳು. ಮೂರು ವರ್ಷದಿಂದ ಮಬ್ಬಾಗಿದ್ದ ಮುಖ, ಮೊಡವೆ ಸಮೇತ, ಎದುರಿಗೆ ಬಂತು. ಬೋರೇಶ ತಲೆ ತಗ್ಗಿಸಿ ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ.

"ಅಮ್ಮ, ಬೈದು ಮುಗಿಸು" ಅಂದ ಕೊನೆಗೆ. "ಮುಂದಿನ ಸಲ ಏನು ಮಾಡ್ಬೇಕು ಅಂತ ನನಗೆ ಗೊತ್ತಾಗೋದು ಹೆಂಗೆ?"

"ಏನೂ ಮಾಡ್ಬೇಡ ಕಣೋ. ಸುಮ್ನೆ ಹಂಗೇ ನಿಂತ್ಕೋ" ಅಂದಳು ತಾಯಿ.

ನಿಂತ. ಆಸ್ಪತ್ರೆಯವರು ಅಮ್ಮನನ್ನು ಮನೆಗೆ ಕಳಿಸಿ ಮೂರು ದಿನವಾದರೂ ಬೋರೇಶ ಆ ಮಂಚದ ಪಕ್ಕದಲ್ಲೇ ನಿಂತಿದ್ದಾನೆ ಅಂತ ಹೊಂಬಾಳಮ್ಮನಿಗೆ ಆಸ್ಪತ್ರೆಯಿಂದ ಫೋನ್ ಬಂತು.