ನುಸಿ ಹಾಲವ್ವನ ಎಲೆಗಂಟು

ಹಿಂದೆ, ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜನಿಗೂ ಮೀಸೆ ಬಾರದ ಕಾಲದಲ್ಲಿ, ಬೋಳುಗುಡ್ಡದ ಬುಡದಲ್ಲಿ ಒಂದೂರಿತ್ತು. ಊರಿನ ಹೆಸರು ಕೇಳಬೇಡಿ. ಈಗಲೂ ಅಲ್ಲಿಗೆ ಹೆಣ್ಣು ಕೊಟ್ಟವರು, ಅಲ್ಲಿಂದ ತಂದವರು ನಿಮ್ಮಲ್ಲೇ ಇದ್ದೀರಿ, ಸುಮ್ಮನೆ ನನ್ನ ಮೇಲೆ ಮುನಿಸು ಯಾಕೆ? ಆ ಊರಿನವರ ಬದುಕೆಲ್ಲ ಎಲೆತೋಟ. ವೀಳ್ಯದೆಲೆ ಬಳ್ಳಿಯನ್ನು ಅಗಸೆ ಮರಕ್ಕೆ ಹಬ್ಬಿಸಿ, ನೀರು ಹಾಯಿಸಿ, ಕೂಸಿನ ಹಾಗೆ ಸಾಕುತ್ತಿದ್ದರು. ತೋಟಕ್ಕೆ ಮಡಿಯೂ ಜಾಸ್ತಿ. ಚಪ್ಪಲಿ ಮೆಟ್ಟಿ ಒಳಗೆ ಹೋಗುವಂತಿಲ್ಲ, ಸುಡುಗಾಡಿಗೆ ಹೋಗಿ ಬಂದವರು ಸ್ನಾನ ಮಾಡದೆ ಬೇಲಿ ಮುಟ್ಟುವಂತಿಲ್ಲ. ದೇವರಿಗೆ ಹೋಗುವ ಎಲೆ, ಮದುವೆಗೆ ಹೋಗುವ ಎಲೆ ಅಂತ.

ಆ ಊರಲ್ಲಿ ಹಾಲವ್ವ ಅಂತ ಒಬ್ಬಳಿದ್ದಳಂತೆ. ಗಂಡ ಬೇಗ ಹೋದ. ಇದ್ದೊಬ್ಬ ಮಗಳು ಕೆಂಚವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಮಣ್ಣಿಗೆ ಹೋದಳು. ಹಾಲವ್ವನ ಕಣ್ಣು ಬಲು ಚುರುಕು. ಗುಡ್ಡದ ಮೇಲಿನ ಇರುವೆಯ ಯಾವ ಕಾಲು ಕುಂಟುತ್ತಿದೆ ಅಂತ ಅಂಗಳದಲ್ಲಿ ನಿಂತು ಹೇಳುತ್ತಿದ್ದಳಂತೆ. ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಆದರೆ ಎಲೆಯ ಅಡಿಯಲ್ಲಿ ಬೇರೆಯವರಿಗೆ ಧೂಳಾಗಿ ಕಾಣುವುದು ಅವಳಿಗೆ ಬಿಡಿಬಿಡಿಯಾಗಿ ಕಾಣುತ್ತಿತ್ತು. ಅದನ್ನು ಮಾತ್ರ ನಂಬಿ.

ಬಿಸಿಲು ಏರಿದರೆ ಬಳ್ಳಿಗೆ ಕೆಂಪು ನುಸಿ ಬೀಳುತ್ತದೆ. ಎಲೆಯ ಅಡಿ ಕೂತು ರಸ ಹೀರುತ್ತದೆ, ಸಣ್ಣ ಬಲೆ ನೇಯುತ್ತದೆ, ಹಸಿರೆಲೆ ತುಕ್ಕು ಹಿಡಿದ ತಗಡಿನ ಹಾಗೆ ಆಗಿ ಉದುರುತ್ತದೆ. ಈ ಕೆಂಪು ನುಸಿಯನ್ನು ಹಿಡಿದು ತಿನ್ನುವ ಇನ್ನೊಂದು ನುಸಿ ಇದೆ, ಮಾಸಲು ಬಣ್ಣದ್ದು, ಓಡಾಟದಲ್ಲಿ ಜೋರು. ಹಾಲವ್ವ ಅದನ್ನು ಬೇಟೆನುಸಿ ಅನ್ನುತ್ತಿದ್ದಳಂತೆ. ಹೊಳೆದಂಡೆಯ ಗಿಡಗಳಿಂದ ಎಲೆ ಸಮೇತ ಅದನ್ನು ಕಿತ್ತು, ಒದ್ದೆಬಟ್ಟೆಯಲ್ಲಿ ಗಂಟು ಕಟ್ಟಿ ತಂದು, ರೋಗದ ಬಳ್ಳಿಗೆ ಆ ಎಲೆ ಕಟ್ಟುತ್ತಿದ್ದಳಂತೆ. ಬಳ್ಳಿ ಬದುಕುತ್ತಿತ್ತಂತೆ. ಹಾಗಾಗಿ ನುಸಿ ಹಾಲವ್ವ ಅಂತಲೇ ಹೆಸರು ಬಿತ್ತು.

ಒಂದು ಬೇಸಿಗೆ ಗುಡ್ಡದ ಕಡೆಯಿಂದ ಬಿಸಿಗಾಳಿ ಎದ್ದಿತು. ಹೊಳೆದಂಡೆಯ ಬೇಟೆನುಸಿ ಬೆಳಗ್ಗೆ ಕಟ್ಟಿದ್ದು ಸಂಜೆಗೆ ಸತ್ತಿತು. ಕೆಂಪು ನುಸಿ ಹಬ್ಬ ಮಾಡಿತು. ಅದೇ ದಿನಗಳಲ್ಲಿ ಹಾಲವ್ವ ಸುಡುಗಾಡಿನಲ್ಲಿ ಮಗಳನ್ನು ಹೂತ ಜಾಗಕ್ಕೆ ಹೋಗಿದ್ದಳಂತೆ. ಆ ಮಣ್ಣಿನ ಮೇಲೆ ತಾನಾಗಿ ಒಂದು ಹರಳು ಗಿಡ ಎದ್ದಿತ್ತು. ನೆರಳಿಲ್ಲ, ನೀರಿಲ್ಲ, ಆದರೂ ಎಲೆ ಕಳೆಕಳೆಯಾಗಿತ್ತು. ತಿರುಗಿಸಿ ನೋಡಿದರೆ ಅಲ್ಲೂ ಬೇಟೆನುಸಿ. ಅದೇ ಬಣ್ಣ, ಅದೇ ಓಟ. ಆದರೆ ಇದರ ಕುಲ ಬೇರೆ ಅಂದಳಂತೆ ಹಾಲವ್ವ. ಹೊಳೆಯದು ತಂಪಿನಲ್ಲಿ ಬೆಳೆದ ಕುಲ. ಇದು ಬೆಳೆದಲ್ಲಿ ಬಿಸಿಲಿಗೆ ಸಾಯುವವೆಲ್ಲ ಎಂದೋ ಸತ್ತು, ತಡೆದುಕೊಂಡವು ಮಾತ್ರ ಮರಿ ಮಾಡಿ, ಆ ಮರಿಗಳ ಮರಿಗಳು ಉಳಿದಿವೆ. ಆ ಎಲೆ ತಂದು ಬಳ್ಳಿಗೆ ಕಟ್ಟುತ್ತ ಇದನ್ನು ಹೇಳಿದಾಗ ಊರವರು ನಕ್ಕರಂತೆ. ಮನುಷ್ಯರ ಕುಲ ಸಾಲದೆ ಈಗ ನುಸಿಗೂ ಕುಲ ಹುಡುಕುತ್ತಿದ್ದಾಳೆ ಅಂದರಂತೆ.

ಎಲ್ಲಿಂದ ತಂದೆ ಅಂತ ಅವಳು ಹೇಳಲಿಲ್ಲ, ಅವರೂ ಕೇಳಲಿಲ್ಲ. ತೋಟ ಉಳಿಯಿತು. ಆದರೆ ತೋಟದ ನೆರಳಿನಲ್ಲಿ ಇದ್ದೂ ಇದ್ದೂ, ಹೊಳೆಯದರ ಜೊತೆ ಬೆರೆತೂ ಬೆರೆತೂ, ಆ ಕುಲದ ಗಟ್ಟಿತನ ಮುಂದಿನ ಬೇಸಿಗೆಗೆ ಕರಗಿಹೋಗುತ್ತಿತ್ತಂತೆ. ಪ್ರತಿ ಬೇಸಿಗೆ ಹಾಲವ್ವ ಮತ್ತೆ ಮಗಳ ಹತ್ತಿರ ಹೋಗುತ್ತಿದ್ದಳು, ಮತ್ತೆ ಎಲೆ ತರುತ್ತಿದ್ದಳು.

ಯಾರೋ ನೋಡಿದರು. ಸುಡುಗಾಡಿನ ಎಲೆ ದೇವರ ತೋಟಕ್ಕೆ ಬಂತು ಅಂತ ಊರೇ ಹೌಹಾರಿತು. ಊರ ಗೌಡ ಕೊಟ್ರಗೌಡ ಕೆಟ್ಟವನಲ್ಲ. ಆದರೆ ಅದೇ ತೋಟದ ಎಲೆಯನ್ನು ಅವನು ಮಗಳ ಮದುವೆಗೆ ಹಂಚಿದ್ದ, ಹೆದರಿಬಿಟ್ಟ. ಸುಡುಗಾಡಿನ ಹರಳು ಗಿಡ ಬೇರು ಸಮೇತ ಸುಡಬೇಕು ಅಂತ ಪಂಚಾಯಿತಿಯಲ್ಲಿ ತೀರ್ಮಾನವಾಯಿತು. ಹಾಲವ್ವ ಕೈಮುಗಿದಳಂತೆ.

“ನನ್ನ ಬೇಕಾದ್ರೆ ಊರು ಬಿಡಿಸ್ರಿ ಗೌಡ್ರೇ. ಗಿಡ ಸುಡಬ್ಯಾಡ್ರಿ.”

ಸುಟ್ಟರು. ಕೆಂಚವ್ವನ ಮೇಲಿನ ಮಣ್ಣು ಕರ್ರಗಾಯಿತು.

ಮುಂದಿನ ಬೇಸಿಗೆಗೆ ಬಿಸಿಗಾಳಿ ಬರದೆ ಇರುತ್ತದೆಯೆ? ಬಂತು. ತೋಟದಲ್ಲಿದ್ದ ಬೇಟೆನುಸಿ ಸತ್ತಿತು, ಹೊಳೆಯಿಂದ ತಂದದ್ದೂ ಸತ್ತಿತು. ಬಳ್ಳಿ ತುದಿಯಿಂದ ಕೆಂಪಾಗುತ್ತ ಇಳಿಯಿತು. ಆಗ ಕೊಟ್ರಗೌಡ ತಾನೇ ಹಾಲವ್ವನ ಬಾಗಿಲಿಗೆ ಹೋಗಿ, ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ನಿಂತನಂತೆ.

“ಇದ್ದದ್ದು ಅದೊಂದೇ ಗಿಡ ಗೌಡ್ರೇ,” ಅಂದಳಂತೆ ಅವಳು. “ನನ್ನ ಮಗಳ ಮ್ಯಾಲಿತ್ತು.”

ಅಷ್ಟು ಹೇಳಿ, ಒಂದು ಬಟ್ಟೆ, ಒಂದು ಗಡಿಗೆ ನೀರು ಎತ್ತಿಕೊಂಡು ಗುಡ್ಡದ ಆಚೆಗೆ ಹೊರಟಳಂತೆ. ನಾನಾಗಿದ್ದರೆ ಹೋಗುತ್ತಿರಲಿಲ್ಲ. ಅವಳು ಯಾಕೆ ಹೋದಳು ಅಂತ ಇವತ್ತಿಗೂ ನನಗೆ ತಿಳಿದಿಲ್ಲ. ಊರೂರಿನ ಸುಡುಗಾಡು ಹೊಕ್ಕು ಎಲೆ ತಿರುಗಿಸಿ ನೋಡಿದಳಂತೆ. ಒಂದು ಕಡೆಯ ಬೇಟೆನುಸಿ ಬಿಸಿಲು ತಡೆಯುತ್ತಿತ್ತು, ಹಸಿವು ತಡೆಯುತ್ತಿರಲಿಲ್ಲ. ಇನ್ನೊಂದು ಕಡೆಯದು ಚೆನ್ನಾಗಿ ತಿನ್ನುತ್ತಿತ್ತು, ಮೊಟ್ಟೆ ಮಾತ್ರ ಇಡುತ್ತಿರಲಿಲ್ಲ. ನೋಡಲು ಎಲ್ಲ ಒಂದೇ, ಊರಿಗೊಂದು ಗುಣ. ಕೊನೆಗೆ ಜನ ಬಿಟ್ಟುಹೋದ ಒಂದು ಹಾಳೂರಿನಲ್ಲಿ ಬೇಕಾದದ್ದು ಸಿಕ್ಕಿತಂತೆ.

ಎಷ್ಟು ಕಾದರೂ ಬರಲಿಲ್ಲ ಅಂತ ಊರವರು ಹುಡುಕುತ್ತ ಹೋದರು. ಗುಡ್ಡದ ಈಚೆ ಇಳಿಜಾರಿನಲ್ಲಿ, ಬಂಡಿದಾರಿಯ ಪಕ್ಕ, ಸುಡುಬಿಸಿಲಿನಲ್ಲಿ ಹಾಲವ್ವ ಸತ್ತು ಬಿದ್ದಿದ್ದಳು. ತುಟಿ ಒಡೆದು ಹೋಗಿತ್ತು. ಗಡಿಗೆ ಖಾಲಿ. ಮಡಿಲಲ್ಲಿ ಎಲೆಗಂಟು, ಅದರ ಬಟ್ಟೆ ಮಾತ್ರ ಇನ್ನೂ ಒದ್ದೆ. ಕುಡಿಯುವ ನೀರನ್ನೆಲ್ಲ ಅದಕ್ಕೇ ಹನಿಸಿದ್ದಳು.

ಗಂಟು ಬಿಚ್ಚಿದರೆ ಎಲೆಯ ಮೇಲೆ ಬೇಟೆನುಸಿ ಓಡಾಡುತ್ತಿತ್ತಂತೆ. ಬಿಸಿಲು ಏರುತ್ತಿತ್ತು, ಬಟ್ಟೆ ಒಣಗುತ್ತಿತ್ತು. ಬಂದವರು ಒಬ್ಬರ ಮುಖ ಒಬ್ಬರು ನೋಡಿದರಂತೆ. ಆಮೇಲೆ ಹೆಣವನ್ನು ಅಲ್ಲೇ ಬಿಟ್ಟು, ಗಂಟು ಎತ್ತಿಕೊಂಡು, ಎಲ್ಲರೂ ತೋಟಕ್ಕೆ ಓಡಿದರಂತೆ. ಕಾಯಲು ಒಬ್ಬನೂ ಉಳಿಯಲಿಲ್ಲ. ಮುಖಕ್ಕೆ ಹೊದಿಸೋಣ ಅಂದರೆ ಅವಳ ಹತ್ತಿರ ಇದ್ದೊಂದು ಬಟ್ಟೆ ಎಲೆಗೆ ಸುತ್ತಿತ್ತು. ಬಳ್ಳಿಬಳ್ಳಿಗೂ ಎಲೆ ಕಟ್ಟಿ ಮುಗಿಸಿ ತಿರುಗಿ ಹೋಗುವಷ್ಟರಲ್ಲಿ ಹದ್ದುಗಳು ಇಳಿದಿದ್ದವು.

ತೋಟ ಉಳಿಯಿತು. ಉಳಿದದ್ದರಿಂದಲೇ ಆ ಊರಿನವರಿಗೆ ಹೆಣ ಬಿಟ್ಟು ಓಡಿದ್ದನ್ನು ಮರೆಯಲು ಆಗಲಿಲ್ಲ. ಈಗಲೂ ಅಲ್ಲಿ ಯಾರ ಮನೆಯಲ್ಲಿ ಸಾವಾದರೂ, ಎಂಥವರೇ ಸತ್ತರೂ, ಹೆಣ ಮಣ್ಣಾಗುವತನಕ ಯಾರೂ ತೋಟದ ಬಾಗಿಲು ತೆಗೆಯುವುದಿಲ್ಲ, ನೀರು ಹಾಯಿಸುವುದಿಲ್ಲ, ಮದುವೆಗೆ ಬೇಕೆಂದರೂ ಒಂದೆಲೆ ಕೊಯ್ಯುವುದಿಲ್ಲ. ಹೋದ ಬೇಸಿಗೆ ಅಲ್ಲಿ ದಿಕ್ಕಿಲ್ಲದ ಒಬ್ಬ ಮುದುಕಿ ತೀರಿಕೊಂಡಳು, ನಾನು ಹೋಗಿದ್ದೆ. ದೂರದ ಸಂಬಂಧಿಕರು ಬರುವುದು ತಡವಾಯಿತು. ಬಿಸಿಗಾಳಿ ಬೀಸುತ್ತಿತ್ತು, ಬಳ್ಳಿ ಜೋತುಬೀಳುವುದು ಬೇಲಿಯಾಚೆಯಿಂದಲೇ ಕಾಣುತ್ತಿತ್ತು. ಒಬ್ಬರೂ ಆ ಕಡೆ ಹೋಗಲಿಲ್ಲ. ಊರ ಗಂಡಸರೆಲ್ಲ ಆ ಮುದುಕಿಯ ಸುತ್ತ ಕೂತು, ಸರದಿಯ ಮೇಲೆ ಅವಳ ಮುಖಕ್ಕೆ ನೆರಳು ಹಿಡಿದಿದ್ದರು.