ಹಾವು ಕಾಯ್ದ ರೈತ

“ಒಬ್ಬನೇ ಮಾಡಿದ ಒಳ್ಳೆಯ ಕೆಲಸದ ಪುಣ್ಯ ಅವನದು. ಹಲವರು ಕೂಡಿ ಮಾಡಿದ್ದರ ಪುಣ್ಯ ಯಾರದು, ಗುರುಗಳೇ?”

ಕೇಳಿದವನು ನಿರಂಜನ. ಅಂದು ಅವನು ಪೇಟೆಗೆ ಹೋಗಿ ಬಂದಿದ್ದ. ಅಲ್ಲಿ ಹೊಸ ಆಸ್ಪತ್ರೆಯೊಂದು ಏಳುತ್ತಿತ್ತು. ಜಾಗ ಸರ್ಕಾರದ್ದು, ಕಟ್ಟಿಸುವವನು ಒಬ್ಬ ಸಾಹುಕಾರ. ಬಾಗಿಲ ಕಲ್ಲಿನಲ್ಲಿ ಯಾರ ಹೆಸರು ಮೇಲಿರಬೇಕು ಎಂದು ಎರಡೂ ಕಡೆಯವರು ಜಗಳವಾಡುತ್ತಿದ್ದರು. ಅದನ್ನು ನೋಡಿ ಅವನ ಮನಸ್ಸು ಕದಡಿತ್ತು.

“ಅದರಲ್ಲೂ ಒಬ್ಬ ಲಾಭಕ್ಕಾಗಿಯೇ ಬಂದವನಾದರೆ?” ಎಂದು ಸೇರಿಸಿದ.

ಗುರುಗಳು ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿ ಹೇಳತೊಡಗಿದರು.

ಎರೆಮಣ್ಣಿನ ಸೀಮೆಯಲ್ಲಿ ಒಬ್ಬ ರೈತನಿದ್ದ. ಅವನ ಹೆಂಡತಿಯ ಹೆಸರು ಹೊನ್ನವ್ವ. ಅವನು ಕಂಡವರಿಗೆಲ್ಲ ಆ ಹೆಸರನ್ನು ಹೇಳುತ್ತಿದ್ದ, ಹಾಗಾಗಿ ಅದು ಉಳಿದಿದೆ.

ಒಂದು ಬೆಳಿಗ್ಗೆ ಜೋಳದ ಸೊಪ್ಪೆಯ ಸಿವುಡು, ಅಂದರೆ ಒಣದಂಟಿನ ಕಟ್ಟು, ಎತ್ತುವಾಗ ಹೊನ್ನವ್ವನ ಕೈಗೆ ಕೊಳಕುಮಂಡಲ ಹಾವು ಕಚ್ಚಿತು. ರೈತ ಮಂತ್ರ ಹಾಕುವವನ ಬಳಿಗೆ ಹೋಗಲಿಲ್ಲ. ಗಾಯ ಕೊಯ್ಯಲಿಲ್ಲ, ಹಗ್ಗ ಬಿಗಿಯಲಿಲ್ಲ. ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಕರೆತಂದ. ಮಾಡಬೇಕಾದದ್ದನ್ನೆಲ್ಲ ಮಾಡಿದ.

ಅಲ್ಲಿದ್ದ ವೈದ್ಯೆಯೂ ಮಾಡಬೇಕಾದದ್ದನ್ನೆಲ್ಲ ಮಾಡಿದಳು. ಹಾವಿನ ವಿಷಕ್ಕೆ ಇದ್ದ ಔಷಧಿ ಒಂದೇ. ಹತ್ತು ಸೀಸೆ ಕೊಟ್ಟಳು. ಆಮೇಲೆ ಮತ್ತೆ ಹತ್ತು. ರೋಗಿಯ ರಕ್ತವನ್ನು ಗಾಜಿನ ನಳಿಕೆಯಲ್ಲಿ ಹಾಕಿ, ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು ನೋಡಿದಳು. ವಿಷ ಸೋತಿದ್ದರೆ ರಕ್ತ ಹೆಪ್ಪುಗಟ್ಟಬೇಕು. ನಳಿಕೆಯನ್ನು ಓರೆ ಮಾಡಿದರೆ ಅದು ನೀರಿನಂತೆ ಹರಿಯಿತು. ಮೂರನೆಯ ದಿನ ಹೊನ್ನವ್ವ ತೀರಿಕೊಂಡಳು.

ಆ ವರ್ಷ ಆ ಆಸ್ಪತ್ರೆಯಲ್ಲಿ ಹಾಗೆ ಹೋದವರಲ್ಲಿ ಅವಳು ಏಳನೆಯವಳು. ಎಲ್ಲರಿಗೂ ಔಷಧಿ ಸಿಕ್ಕಿತ್ತು. ಎಲ್ಲರೂ ಹೊತ್ತಿಗೆ ಸರಿಯಾಗಿ ಬಂದಿದ್ದರು. ವೈದ್ಯೆಗೆ ಊಟ ಸೇರದಾಯಿತು. ಸರ್ಕಾರದ ಪ್ರಯೋಗಶಾಲೆಯಲ್ಲಿ ಬಲ್ಲವರಿಗೆ ಬರೆದು ಕೇಳಿದಳು. ಅವರು ಉತ್ತರ ಬರೆದರು: “ನಿಮ್ಮಲ್ಲಿರುವ ಔಷಧಿ ದೂರದ ಸೀಮೆಯ ಹಾವುಗಳ ವಿಷದಿಂದ ಮಾಡಿದ್ದು. ಹಾವು ಒಂದೇ ಜಾತಿಯದಾದರೂ ನೆಲ ಬದಲಾದರೆ ವಿಷವೂ ಬದಲಾಗುತ್ತದೆ. ನಿಮ್ಮ ನೆಲದ ಹಾವಿನ ವಿಷದಿಂದಲೇ ನಿಮ್ಮ ಔಷಧಿಯಾಗಬೇಕು. ಹೇಗೆಂದು ನಾವು ಹೇಳಬಲ್ಲೆವು. ಆದರೆ ಸಾವಿರ ಸೀಸೆ ಮಾಡಲು ನಮ್ಮಲ್ಲಿ ಕುದುರೆ ಲಾಯವಿಲ್ಲ, ಕಾರ್ಖಾನೆಯಿಲ್ಲ.”

ಹಾವಿನ ಔಷಧಿ ಕುದುರೆಯ ರಕ್ತದಲ್ಲಿ ಹುಟ್ಟುತ್ತದೆ ಎಂಬುದು ನಿನಗೆ ಗೊತ್ತಿರಲಿಕ್ಕಿಲ್ಲ, ನಿರಂಜನ. ಕುದುರೆಗೆ ಸಾಸಿವೆ ಕಾಳಿಗಿಂತ ಕಡಿಮೆ ವಿಷ ಕೊಡುತ್ತಾರೆ. ತಿಂಗಳುಗಟ್ಟಲೆ ನಿಧಾನವಾಗಿ ಹೆಚ್ಚಿಸುತ್ತಾರೆ. ಅದರ ರಕ್ತ ವಿಷವನ್ನು ಎದುರಿಸುವುದನ್ನು ಕಲಿಯುತ್ತದೆ. ಆ ರಕ್ತದ ತಿಳಿಯಿಂದ ಔಷಧಿ ಮಾಡುತ್ತಾರೆ.

ಕುದುರೆ, ಕಾರ್ಖಾನೆ ಎರಡೂ ಇದ್ದ ಒಬ್ಬ ವ್ಯಾಪಾರಿಗೆ ವೈದ್ಯೆ ಪತ್ರ ಬರೆದಳು. ಅವನು ಮುಚ್ಚುಮರೆಯಿಲ್ಲದೆ ಉತ್ತರಿಸಿದ: ಒಂದು ಸೀಮೆಗೆಂದೇ ಔಷಧಿ ಮಾಡಲು ಮೂರು ವರ್ಷ ಬೇಕು, ಕಚ್ಚಿಸಿಕೊಳ್ಳುವವರು ಕೂಲಿಯವರು, ಬೆಲೆ ಕೊಡಲಾರರು, ಇಷ್ಟು ಖರ್ಚನ್ನೂ ಒಬ್ಬನೇ ಹೊತ್ತರೆ ಕಾರ್ಖಾನೆ ಮುಚ್ಚುತ್ತದೆ. ವ್ಯಾಪಾರಿಯ ಮನಸ್ಸು ಇಷ್ಟೇ ಎಂದು ವೈದ್ಯೆ ಪತ್ರವನ್ನು ಮಡಿಸಿಟ್ಟಳು. ಸರ್ಕಾರವನ್ನು ನಂಬಿದರೆ ಕಡತದಲ್ಲೇ ಮುದುಕನಾಗುತ್ತೇನೆ ಎಂದು ಅವನೂ ಅಂದುಕೊಂಡ.

ಈ ನಡುವೆ ವೈದ್ಯೆ ಒಮ್ಮೆ ರೈತನ ಹೊಲಕ್ಕೆ ಹೋದಳು. ಬೇಲಿಯ ಮೇಲೆ ಐದು ಸತ್ತ ಹಾವುಗಳು ಜೋತುಬಿದ್ದಿದ್ದವು. ಹೆಂಡತಿ ಸತ್ತ ಮೇಲೆ ಅವನು ಕಂಡ ಹಾವನ್ನೆಲ್ಲ ಹೊಡೆಯುತ್ತಿದ್ದ.

“ಇನ್ನು ಹೊಡೆಯಬೇಡಪ್ಪ” ಎಂದಳು ಅವಳು. “ಇವುಗಳ ವಿಷ ಬೇಕು. ಅದಿಲ್ಲದೆ ಔಷಧಿ ಆಗುವುದಿಲ್ಲ. ಕಂಡರೆ ಕಾಯ್ದಿಟ್ಟು ನನಗೆ ಹೇಳಿ ಕಳಿಸು.”

“ನನ್ನ ಹೊನ್ನವ್ವನನ್ನು ಕೊಂದದ್ದನ್ನು ನಾನೇ ಕಾಯಬೇಕೇ, ತಾಯಿ?”

“ಹೌದಪ್ಪ” ಎಂದಳು.

ಅವನು ಒಪ್ಪಿದೆ ಎನ್ನಲಿಲ್ಲ. ಒಪ್ಪುವುದಿಲ್ಲ ಎಂದೂ ಅನ್ನಲಿಲ್ಲ.

ಕೆಲವು ತಿಂಗಳು ಕಳೆದವು. ವೈದ್ಯೆ ಮತ್ತೆ ಮತ್ತೆ ಬರೆದದ್ದರಿಂದ ತಾಲ್ಲೂಕು ಕಚೇರಿಯಲ್ಲಿ ಒಂದು ಸಭೆ ಸೇರಿತು. ಸರ್ಕಾರದ ಅಧಿಕಾರಿ ಬಂದ. ತನ್ನಿಂದಾಗದು ಎಂದು ಮುಖ ನೋಡಿಯೇ ಹೇಳಿಬಿಡೋಣ ಎಂದು ವ್ಯಾಪಾರಿಯೂ ಬಂದ. ಹಾವು ಹಿಡಿಯಲು ಅನುಮತಿ ಕೊಡುವವರು ಯಾರು, ಔಷಧಿ ಕೆಟ್ಟರೆ ನಷ್ಟ ಹೊರುವವರು ಯಾರು, ಗೆದ್ದರೆ ಅದು ಯಾರ ಸ್ವತ್ತು ಎಂದು ಮಧ್ಯಾಹ್ನದವರೆಗೆ ಮಾತು ನಡೆಯಿತು. ಯಾರೂ ಒಂದು ಹೆಜ್ಜೆ ಮುಂದೆ ಇಡಲಿಲ್ಲ.

ಆಗ ಸಭೆಯ ಸುದ್ದಿ ಕೇಳಿದ್ದ ರೈತ ಬಾಗಿಲಲ್ಲಿ ಬಂದು ನಿಂತ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ.

“ಹೊಲದ ಬದುವಿನ ಕಲ್ಲುರಾಶಿಯಲ್ಲಿ ಒಂದು ಕೊಳಕುಮಂಡಲ ಸೇರಿಕೊಂಡಿದೆ” ಎಂದ. “ಸುತ್ತ ಮುಳ್ಳು ಹಾಕಿ ಹನ್ನೊಂದು ದಿನದಿಂದ ಕಾಯುತ್ತಿದ್ದೇನೆ. ಊರವರು ಹೊಡೆಯಲು ಬಂದರೆ ಕೈಮುಗಿದು ವಾಪಸು ಕಳಿಸಿದ್ದೇನೆ. ನಿನಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ಇರಲಿ. ನಿಮ್ಮ ಮಾತು ಯಾವಾಗ ಮುಗಿಯುತ್ತದೆ ಎಂದು ಕೇಳಿಕೊಂಡು ಹೋಗಲು ಬಂದೆ.”

ಅವನ ಹೆಂಡತಿ ಹೇಗೆ ಸತ್ತಳೆಂದು ವೈದ್ಯೆ ಉಳಿದಿಬ್ಬರಿಗೆ ತಿಳಿಸಿದಳು.

ವ್ಯಾಪಾರಿ ಅಧಿಕಾರಿಯ ಕಡೆ ತಿರುಗಿ, “ಅರ್ಧ ಭಾರ ನಾನು ಹೊರುತ್ತೇನೆ. ಕುದುರೆ ನನ್ನವು, ಕೆಲಸಗಾರರು ನನ್ನವರು. ಉಳಿದರ್ಧ ನೀವು ಹೊರಬೇಕು. ಔಷಧಿ ಪರೀಕ್ಷೆಯಲ್ಲಿ ಗೆದ್ದರೆ ನಿಮ್ಮ ಆಸ್ಪತ್ರೆಗಳಿಗೆ ನನ್ನಿಂದಲೇ ಕೊಳ್ಳಬೇಕು” ಎಂದ.

“ಅನುಮತಿಗೆ ಇವತ್ತೇ ಬರೆಯುತ್ತೇನೆ” ಎಂದ ಅಧಿಕಾರಿ.

ನಿರಂಜನ ನಡುವೆ ಬಾಯಿ ಹಾಕಿದ. “ಅಂದರೆ ವ್ಯಾಪಾರಿ ತನ್ನ ಲಾಭ ಬಿಡಲಿಲ್ಲ.”

“ಬಿಡಲಿಲ್ಲ” ಎಂದು ಗುರುಗಳು ಮುಂದುವರಿಸಿದರು.

ನಾಲ್ಕನೆಯ ದಿನ ಹಾವು ಹಿಡಿಯುವವರು ಬಂದರು. ವಿಷ ತೆಗೆದುಕೊಂಡು ಹಾವನ್ನು ಊರಾಚೆಯ ಹಳ್ಳದ ದಂಡೆಗೆ ಬಿಟ್ಟರು. ರೈತ ಅವರ ಜೊತೆಗೇ ಹೋದ. ಅದು ಪೊದೆಯೊಳಗೆ ಮರೆಯಾಗುವವರೆಗೆ ನಿಂತು ನೋಡಿದ. ಅಂದಿನಿಂದ ಆ ಸುತ್ತಿನ ಹಳ್ಳಿಗಳಲ್ಲಿ ಹಾವು ಕಂಡರೆ ಮೊದಲು ಅವನಿಗೆ ಹೇಳಿ ಕಳಿಸುವುದು ರೂಢಿಯಾಯಿತು.

ಮೊದಲ ಸಲ ಮಾಡಿದ ಔಷಧಿ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಒಂದೂವರೆ ವರ್ಷದ ಕೆಲಸವನ್ನು ಚೆಲ್ಲಬೇಕಾಯಿತು. ವ್ಯಾಪಾರಿ ಕೈ ತೊಳೆದುಕೊಳ್ಳಬಹುದಿತ್ತು. ಅಧಿಕಾರಿ ತಪ್ಪು ಅವನದೆಂದು ಬರೆಯಬಹುದಿತ್ತು. ಇಬ್ಬರೂ ಹಾಗೆ ಮಾಡಲಿಲ್ಲ. ಪ್ರಯೋಗಶಾಲೆಯವರು ಕಾರ್ಖಾನೆಗೇ ಹೋಗಿ ಎರಡು ತಿಂಗಳು ಉಳಿದರು. ಎಲ್ಲಿ ತಪ್ಪಿತೆಂದು ಒಟ್ಟಿಗೆ ಕುಳಿತು ಹುಡುಕಿದರು. ಮತ್ತೆ ಮೊದಲಿನಿಂದ ಶುರು ಮಾಡಿದರು. ನಾಲ್ಕನೆಯ ವರ್ಷ ಪರೀಕ್ಷೆಗಳೆಲ್ಲ ಮುಗಿದು, ಹೊಸ ಔಷಧಿಯ ಮೊದಲ ಪೆಟ್ಟಿಗೆ ಆ ಆಸ್ಪತ್ರೆಗೆ ಬಂತು.

ಹದಿನೈದು ದಿನ ಕಳೆದಿರಲಿಲ್ಲ. ಪಕ್ಕದ ಹಳ್ಳಿಯಲ್ಲಿ ಕಡಲೆ ಕೀಳುತ್ತಿದ್ದ ಒಬ್ಬ ಹೆಂಗಸಿಗೆ ಬೆಳಿಗ್ಗೆ ಎಂಟು ಗಂಟೆಗೆ ಕೊಳಕುಮಂಡಲ ಕಚ್ಚಿತು. ಎರಡು ಮಕ್ಕಳ ತಾಯಿ. ಸುದ್ದಿ ರೈತನಿಗೆ ಮುಟ್ಟಿತು. ಅವನು ಬೈಕಿನಲ್ಲಿ ಹೋಗಿ, ನಡುವೆ ಅವಳನ್ನು, ಹಿಂದೆ ಅವಳ ಗಂಡನನ್ನು ಕೂರಿಸಿಕೊಂಡು ಆಸ್ಪತ್ರೆಗೆ ತಂದ. ಅವಳ ಒಸಡಿನಿಂದ ರಕ್ತ ಬರುತ್ತಿತ್ತು. ನಳಿಕೆಯಲ್ಲಿ ಹಾಕಿದ ರಕ್ತ ನೀರಿನಂತಿತ್ತು.

ವೈದ್ಯೆ ಹೊಸ ಔಷಧಿ ಕೊಟ್ಟಳು. ಆರು ತಾಸು ಕಾಯಬೇಕು. ಗಂಡ ಗೋಡೆಗೆ ಒರಗಿ ಕುಳಿತಿದ್ದ. ರೈತ ಮನೆಗೆ ಹೋಗಲಿಲ್ಲ. ಯಾರೋ ಕೊಟ್ಟ ಚಹಾ ಅವನ ಕೈಯಲ್ಲೇ ಆರಿತು.

ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ವೈದ್ಯೆ ಮತ್ತೆ ರಕ್ತ ತೆಗೆದಳು. ಇಪ್ಪತ್ತು ನಿಮಿಷ ನಳಿಕೆಯನ್ನು ಅಲುಗಿಸದೆ ಇಟ್ಟಳು. ಆಮೇಲೆ ಅವಳು ನಳಿಕೆಯನ್ನು ಎತ್ತಿ ನಿಧಾನವಾಗಿ ಓರೆ ಮಾಡಿದಳು. ರಕ್ತ ಹರಿಯಲಿಲ್ಲ. ಇನ್ನೂ ಓರೆ ಮಾಡಿದಳು. ಪೂರ್ತಿ ತಲೆಕೆಳಗು ಮಾಡಿದಳು. ಹೆಪ್ಪುಗಟ್ಟಿದ ರಕ್ತ ನಳಿಕೆಯ ತಳದಲ್ಲೇ ನಿಂತಿತು.

ಅವಳು ಅದನ್ನು ರೈತನಿಗೆ ತೋರಿಸಿದಳು.

“ಹೊನ್ನವ್ವನದು ನಿಲ್ಲಲೇ ಇಲ್ಲ” ಎಂದು ಅವನು ಅಳತೊಡಗಿದ. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು, “ಇದು ದುಃಖಕ್ಕಲ್ಲ, ತಾಯಿ” ಎಂದ.

ಹೆಂಗಸಿನ ಗಂಡ ಬಂದು ವೈದ್ಯೆಯ ಕಾಲಿಗೆ ಬಿದ್ದ. ಅವಳು ಅವನನ್ನು ಎಬ್ಬಿಸಿ ವ್ಯಾಪಾರಿಗೆ ಫೋನು ಮಾಡಿದಳು. ಅವನು, “ಆಕೆಯ ಹೆಸರೇನು?” ಎಂದು ಕೇಳಿದ. ಮೂವತ್ತು ವರ್ಷ ಔಷಧಿ ಮಾಡಿದ್ದ. ಅದರಿಂದ ಬದುಕಿದವರೊಬ್ಬರ ಹೆಸರನ್ನು ಅವನು ಎಂದೂ ಕೇಳಿರಲಿಲ್ಲ.

“ಕಾಶವ್ವ” ಎಂದಳು ವೈದ್ಯೆ.

ಒಂಬತ್ತನೆಯ ದಿನ ಕಾಶವ್ವ ನಡೆದುಕೊಂಡೇ ಮನೆಗೆ ಹೋದಳು. ಮರುವಾರ ಹಸಿ ಕಡಲೆ ಗಿಡದ ಮೂರು ಹೊರೆ ಕಟ್ಟಿಸಿದಳು. ಒಂದನ್ನು ಆಸ್ಪತ್ರೆಗೆ ತಂದಳು. ಒಂದನ್ನು ರೈತನ ಕಟ್ಟೆಯ ಮೇಲೆ ಇಳಿಸಿದಳು. ಇನ್ನೊಂದನ್ನು ಬಸ್ಸಿಗೆ ಹಾಕಿ ವ್ಯಾಪಾರಿಗೆ ಕಳಿಸಿದಳು. ಅದು ಮುಟ್ಟುವ ಹೊತ್ತಿಗೆ ಅರ್ಧ ಒಣಗಿತ್ತು. ವ್ಯಾಪಾರಿ ತನ್ನ ಕೋಣೆಯಲ್ಲಿ ಕುಳಿತು ಒಂದೊಂದೇ ಕಾಯಿ ಸುಲಿದು ತಿಂದ. ಪ್ರಯೋಗಶಾಲೆಯವರಿಗೂ ಅಧಿಕಾರಿಗೂ ಒಂದೊಂದು ಹಿಡಿ ಕಳಿಸಿದ. ಮಿಕ್ಕಿದ್ದನ್ನು ತಾನೇ ಹೊತ್ತುಕೊಂಡು ಹೋಗಿ ಲಾಯದ ಕುದುರೆಗಳ ಮುಂದೆ ಹಾಕಿದ. ಅವು ತಿಂದು ಮುಗಿಸುವವರೆಗೂ ಅಲ್ಲೇ ನಿಂತಿದ್ದ.

ಗುರುಗಳು ಪುಸ್ತಕವನ್ನು ಮತ್ತೆ ತೆರೆದರು.

ನಿರಂಜನ, “ಆದರೆ ಪುಣ್ಯ ಕೊನೆಗೆ ಯಾರದೆಂದು ನೀವು ಹೇಳಲಿಲ್ಲ” ಎಂದ.

“ಕಾಶವ್ವನ ಮನೆಯಲ್ಲಿ ಮಕ್ಕಳು ‘ಅವ್ವಾ’ ಎಂದು ಕೂಗಿದರೆ ಓಗೊಡುವವಳಿದ್ದಾಳೆ” ಎಂದರು ಗುರುಗಳು.